ಅಮೆರಿಕದ ಹಳೆಯ ಫಿಡಲ್ ವಾಲ್ಟ್ಸ್ ಎಲ್ಲಿಂದ ಬಂತು: ಮೂಲವನ್ನು ಹುಡುಕುವ ಬಗೆ

ಅಮೆರಿಕದ ಫಿಡಲ್ (ಪಿಟೀಲು) ವಾದಕರು ನುಡಿಸಿದ ವಾಲ್ಟ್ಸ್ ಎಂಬ ಮೂರು ಮಾತ್ರೆಯ ನೃತ್ಯದ ಮಟ್ಟುಗಳ ಧ್ವನಿಮುದ್ರಿಕೆಗಳನ್ನು ತೆಗೆದು ನೋಡಿದರೆ, ರಚನಕಾರರ ಹೆಸರಿರಬೇಕಾದ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂಬ ಮಾತು ಮೇಲಿಂದ ಮೇಲೆ ಕಾಣಿಸುತ್ತದೆ. ಅದನ್ನು ಓದಿದವರು ಮಟ್ಟು ಬಹಳ ಪ್ರಾಚೀನವಾದುದೆಂದೂ ಅದಕ್ಕೆ ಕರ್ತೃವೇ ಇಲ್ಲವೆಂದೂ ತಿಳಿಯುವುದು ಸಹಜ. ಆದರೆ ಹಾಗೆ ಅಚ್ಚು ಹಾಕಿಸಿದವರಿಗೆ ಕರ್ತೃ ಯಾರೆಂದು ಗೊತ್ತಿರಲಿಲ್ಲ ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಆ ಮಾತು ಹೇಳುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಕರ್ತೃವಿದ್ದಾನೆ, ಅವನ ಹೆಸರು ಮಾತ್ರ ದಾರಿಯಲ್ಲಿ ಎಲ್ಲೋ ಕಳಚಿಹೋಗಿರುತ್ತದೆ. ಆ ಹೆಸರನ್ನು, ಹೆಸರು ಸಿಗದಿದ್ದರೆ ಕನಿಷ್ಠ ಮಟ್ಟು ನಡೆದುಬಂದ ದಾರಿಯನ್ನು, ಹೇಗೆ ಹುಡುಕಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹುಡುಕಾಟಕ್ಕೆ ಇಳಿಯುವ ಮುನ್ನ ವಾಲ್ಟ್ಸ್ ಎಂಬ ಪ್ರಕಾರದ ಸ್ವಭಾವವನ್ನು ತಿಳಿದಿರಬೇಕು. ಫಿಡಲ್ ವಾದಕರ ಬತ್ತಳಿಕೆಯಲ್ಲಿರುವ ರೀಲ್‌ಗಳಂಥ ವೇಗದ ಮಟ್ಟುಗಳಲ್ಲಿ ಹಲವು ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳಿಂದ ಬಂದು, ಕಿವಿಯಿಂದ ಕಿವಿಗೆ ದಾಟುತ್ತಾ ಉಳಿದವು. ವಾಲ್ಟ್ಸ್‌ನ ದಾರಿ ಬೇರೆ. ಆಸ್ಟ್ರಿಯಾ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗಳ ಲೆಂಡ್ಲರ್ ಎಂಬ ಮೂರು ಮಾತ್ರೆಯ ಕುಣಿತದಿಂದ 18ನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪುಗೊಂಡ ಈ ನೃತ್ಯ, 19ನೆಯ ಶತಮಾನದಲ್ಲಿ ಅಮೆರಿಕದ ನೃತ್ಯಶಾಲೆಗಳನ್ನು ಹೊಕ್ಕಿತು. ಅದರ ಜೊತೆಯಲ್ಲೇ ಪಿಯಾನೋಗಾಗಿ ಅಚ್ಚಾದ ಸಂಗೀತದ ಹಾಳೆಗಳು, ನಾಟಕಶಾಲೆಯ ಹಾಡುಗಳು, ವಲಸಿಗರು ತಮ್ಮೊಂದಿಗೆ ತಂದ ಮಟ್ಟುಗಳು ಎಲ್ಲವೂ ಬಂದವು. ಆದುದರಿಂದ ಫಿಡಲ್ ಮೇಲೆ ಕೇಳಿಬರುವ ವಾಲ್ಟ್ಸ್‌ನ ಹಿಂದೆ ಒಂದು ಅಚ್ಚಾದ ಹಾಳೆಯೋ ಒಬ್ಬ ಹೆಸರುಳ್ಳ ರಚನಕಾರನೋ ಇರುವ ಸಂಭವ, ರೀಲ್‌ಗೆ ಹೋಲಿಸಿದರೆ, ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಹುಡುಕುವವರು ಈ ಭರವಸೆಯನ್ನು ಇಟ್ಟುಕೊಂಡೇ ಹೊರಡಬೇಕು.

ಮೊದಲ ಕೆಲಸವೆಂದರೆ ಮಟ್ಟನ್ನು ಅದರ ಹೆಸರಿನಿಂದ ಬೇರ್ಪಡಿಸುವುದು. ಹೆಸರು ಮಟ್ಟಿಗೆ ಯಾವಾಗಲೋ ಯಾರೋ ಕಟ್ಟಿದ ಚೀಟಿ, ಅದನ್ನೇ ಸಾಕ್ಷಿಯೆಂದು ನಂಬಿದರೆ ದಾರಿ ತಪ್ಪುತ್ತದೆ. ಇದಕ್ಕೆ ‘ವೆಸ್ಟ್‌ಫೇಲಿಯಾ ವಾಲ್ಟ್ಸ್’ಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ವೆಸ್ಟ್‌ಫೇಲಿಯಾ ಜರ್ಮನಿಯ ಒಂದು ಪ್ರದೇಶ, ಅದೇ ಹೆಸರಿನಲ್ಲಿ ಜರ್ಮನ್ ಕ್ಯಾಥೊಲಿಕ್ ವಲಸಿಗರು ಟೆಕ್ಸಸ್‌ನ ಫಾಲ್ಸ್ ಕೌಂಟಿಯಲ್ಲಿ ಒಂದು ಊರು ಕಟ್ಟಿಕೊಂಡರು. ಹೆಸರನ್ನು ನೋಡಿದವರು ಇದು ಜರ್ಮನ್ ಮಟ್ಟೆಂದು ತೀರ್ಮಾನಿಸಿ ಜರ್ಮನ್ ಹಾಡುಗಳ ಸಂಗ್ರಹಗಳಲ್ಲಿ ತಿಂಗಳುಗಟ್ಟಲೆ ಹುಡುಕಬಹುದು, ಏನೂ ಸಿಗುವುದಿಲ್ಲ. ಏಕೆಂದರೆ ಮಟ್ಟು ಪೋಲೆಂಡಿನ ಒಂದು ಜನಪದ ಹಾಡಿನದು. ಅಮೆರಿಕದ ಪೋಲಿಷ್ ವಲಸಿಗರ ನಡುವೆ ಪ್ರಚಾರದಲ್ಲಿದ್ದ ಆ ಹಾಡಿನ ಮಟ್ಟನ್ನು ಲೋನ್ ಸ್ಟಾರ್ ಪ್ಲೇಬಾಯ್ಸ್ ತಂಡದ ಫಿಡಲ್ ವಾದಕ ಕಾಟನ್ ಕಾಲಿನ್ಸ್ 1946ರಲ್ಲಿ ಟೆಕ್ಸಸ್‌ನ ಊರ ಹೆಸರಿನಲ್ಲಿ ಧ್ವನಿಮುದ್ರಿಸಿದರು. 1955ರಲ್ಲಿ ಹ್ಯಾಂಕ್ ಥಾಂಪ್ಸನ್ ತಂಡ ಅದನ್ನು ಇನ್ನೂ ಹೆಚ್ಚು ಜನರಿಗೆ ಮುಟ್ಟಿಸಿತು. ಹೆಸರು ಜರ್ಮನ್, ಊರು ಟೆಕ್ಸಸ್, ಮಟ್ಟು ಪೋಲಿಷ್: ಮೂರೂ ಮೂರು ದಿಕ್ಕು.

ಹೆಸರನ್ನು ಬದಿಗಿಟ್ಟ ಮೇಲೆ ಕೈಯಲ್ಲಿ ಉಳಿಯುವುದು ಮಟ್ಟು ಮಾತ್ರ, ಆದ್ದರಿಂದ ಅದನ್ನು ಬರೆದುಕೊಳ್ಳಬೇಕು. ಪಾಶ್ಚಾತ್ಯ ಸ್ವರಲಿಪಿ ಬಾರದವರು ಹಿಂಜರಿಯಬೇಕಾಗಿಲ್ಲ. ಸ ರಿ ಗ ಮದಲ್ಲಿ ಬರೆದರೆ ಇನ್ನೂ ಅನುಕೂಲ. ಒಬ್ಬ ವಾದಕ ಡಿ ಶ್ರುತಿಯಲ್ಲಿ ನುಡಿಸಿದ್ದನ್ನು ಇನ್ನೊಬ್ಬ ಜಿ ಶ್ರುತಿಯಲ್ಲಿ ನುಡಿಸಿರುತ್ತಾನೆ, ಮೂಲದ ಪಿಯಾನೋ ಹಾಳೆ ಮತ್ತೊಂದು ಶ್ರುತಿಯಲ್ಲಿರುತ್ತದೆ. ಷಡ್ಜವನ್ನು ಆಧಾರವಾಗಿಟ್ಟು ಬರೆದಾಗ ಈ ವ್ಯತ್ಯಾಸಗಳೆಲ್ಲ ಅಳಿಸಿಹೋಗಿ ಮೂರನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ನೋಡಲು ಬರುತ್ತದೆ. ಪೂರ್ತಿ ಬರೆದಾದ ಮೇಲೆ, ಅದರ ಕೆಳಗಿನ ಸಾಲಿನಲ್ಲಿ ಪ್ರತಿ ಆವರ್ತದ ಮೊದಲ ಮಾತ್ರೆಯ ಮೇಲೆ ಬೀಳುವ ಸ್ವರವನ್ನು ಮಾತ್ರ ಬರೆಯಿರಿ. ಹದಿನಾರು ಆವರ್ತದ ಒಂದು ಭಾಗಕ್ಕೆ ಹದಿನಾರು ಸ್ವರಗಳಾದವು. ಅದು ಮಟ್ಟಿನ ಎಲುಬಿನ ಹಂದರ. ಕಮಾನಿನ ಒಲೆತ, ಜಾರು, ಎರಡು ಸ್ವರಗಳ ನಡುವೆ ತುಂಬಿದ ಓಟ ಇವೆಲ್ಲ ವಾದಕನಿಂದ ವಾದಕನಿಗೆ ಬದಲಾಗುತ್ತವೆ, ಹಂದರ ಅಷ್ಟು ಬೇಗ ಬದಲಾಗುವುದಿಲ್ಲ.

ಈ ವಾಲ್ಟ್ಸ್‌ಗಳು ಸಾಮಾನ್ಯವಾಗಿ ಎರಡು ಭಾಗಗಳಲ್ಲಿರುತ್ತವೆ. ಎರಡರ ಹಂದರವನ್ನೂ ಬೇರೆ ಬೇರೆಯಾಗಿಯೇ ಹೋಲಿಸಬೇಕು. ಒಂದು ಮಟ್ಟಿನ ಮೊದಲ ಭಾಗಕ್ಕೆ ಇನ್ನೊಂದರ ಎರಡನೆಯ ಭಾಗವನ್ನು ಹೊಂದಿಸಿ ನುಡಿಸುವುದು ಫಿಡಲ್ ವಾದಕರಲ್ಲಿ ಹೊಸದಲ್ಲ. ನಾನು ಇಟ್ಟುಕೊಂಡಿರುವ ಕಟ್ಟುಪಾಡು ಹೀಗಿದೆ: ಕನಿಷ್ಠ ಎಂಟು ಆವರ್ತಗಳ ಮೊದಲ ಸ್ವರಗಳು ಸಾಲಾಗಿ ಹೊಂದಬೇಕು, ಭಾಗ ಮುಗಿಯುವ ರೀತಿಯೂ ಹೊಂದಬೇಕು. ಮೊದಲ ನಾಲ್ಕು ಆವರ್ತಗಳ ಹೋಲಿಕೆಯನ್ನು ಮಾತ್ರ ನೆಚ್ಚಿಕೊಂಡರೆ ಪ್ರಯೋಜನವಿಲ್ಲ, ಮೂರು ಮಾತ್ರೆಯ ಸರಳ ಮಟ್ಟುಗಳಲ್ಲಿ ಅರ್ಧದಷ್ಟು ಹಾಗೆಯೇ ಆರಂಭವಾಗುವಂತೆ ಕಾಣುತ್ತವೆ.

ಮಟ್ಟು ಕೈಗೆ ಬಂದ ನಂತರ, ಅದು ಕಾಣಿಸಿಕೊಂಡ ಅತ್ಯಂತ ಹಳೆಯ, ದಿನಾಂಕವುಳ್ಳ ದಾಖಲೆಯನ್ನು ಹುಡುಕಬೇಕು. ಹತ್ತಿರದ ಕಾಲದಿಂದ ಹಿಂದಕ್ಕೆ ನಡೆಯುವುದು ಕ್ಷೇಮ. ಅಮೆರಿಕದ ಗ್ರಾಮೀಣ ಫಿಡಲ್ ವಾದನದ ವಾಣಿಜ್ಯ ಧ್ವನಿಮುದ್ರಣದ ಚರಿತ್ರೆ 1922ರ ಬೇಸಿಗೆಯಲ್ಲಿ, ಟೆಕ್ಸಸ್‌ನ ಎಕ್ ರಾಬರ್ಟ್‌ಸನ್ ಮತ್ತು ಹೆನ್ರಿ ಗಿಲಿಲೆಂಡ್ ನ್ಯೂಯಾರ್ಕಿಗೆ ಹೋಗಿ ವಿಕ್ಟರ್ ಕಂಪನಿಗೆ ನುಡಿಸಿದಲ್ಲಿಂದ ಶುರುವಾಗುತ್ತದೆ ಎನ್ನಬಹುದು. ಆ ದಶಕ ಮುಗಿಯುವುದರೊಳಗೆ ಕಂಪನಿಗಳು ತಮ್ಮ ಯಂತ್ರಗಳನ್ನು ಅಟ್ಲಾಂಟಾ, ನ್ಯೂ ಆರ್ಲಿಯನ್ಸ್‌ನಂಥ ದಕ್ಷಿಣದ ನಗರಗಳಿಗೇ ಒಯ್ದು ನೂರಾರು ವಾದಕರನ್ನು ಮುದ್ರಿಸಿದವು. ಈ ಮುದ್ರಣಗಳ ವಿವರ ಸ್ಯಾಂಟಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ನಡೆಸುವ ‘ಡಿಸ್ಕಾಗ್ರಫಿ ಆಫ್ ಅಮೆರಿಕನ್ ಹಿಸ್ಟಾರಿಕಲ್ ರೆಕಾರ್ಡಿಂಗ್ಸ್’ ಎಂಬ ಉಚಿತ ಅಂತರ್ಜಾಲ ಕೋಶದಲ್ಲಿ ಸಿಗುತ್ತದೆ. ಅಲ್ಲಿ ಹೆಸರಿನಿಂದ ಮಾತ್ರವಲ್ಲ, ವಾದಕನಿಂದ, ದಿನಾಂಕದಿಂದ, ಸ್ಥಳದಿಂದಲೂ ಹುಡುಕಬಹುದು. ಹೆಸರು ಬದಲಾಗಿರುವ ಮಟ್ಟುಗಳಿಗೆ ಈ ಎರಡನೆಯ ದಾರಿಯೇ ಉಪಯೋಗಕ್ಕೆ ಬರುತ್ತದೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಮುದ್ರಿಕೆಯೊಂದು ಕಣ್ಣಿಗೆ ಬಿದ್ದರೆ, ನುಡಿಸುವ ಮೊದಲು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಬೇಕು. ನಡುವಿನ ದುಂಡು ಕಾಗದದ ಮೇಲೆ ಮಟ್ಟಿನ ಹೆಸರು, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಆವರಣದೊಳಗೆ ರಚನಕಾರನ ಹೆಸರು, ವಾದಕ ಅಥವಾ ತಂಡದ ಹೆಸರು, ಒಂದು ಬದಿಗೆ ಮಾರಾಟದ ಸಂಖ್ಯೆ ಇರುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದ ಗುರುತು, ಗೆರೆಗಳು ಮುಗಿದು ಕಾಗದ ಆರಂಭವಾಗುವುದಕ್ಕೆ ಮೊದಲು ಉಳಿಯುವ ನುಣುಪಾದ ಕಪ್ಪು ಪಟ್ಟಿಯಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ. ಮಾರಾಟದ ಸಂಖ್ಯೆ ಮುದ್ರಿಕೆ ಅಂಗಡಿಗೆ ಬಂದ ಕಾಲವನ್ನು ಸೂಚಿಸಿದರೆ, ಮ್ಯಾಟ್ರಿಕ್ಸ್ ಸಂಖ್ಯೆ ಆ ಒಂದು ಬದಿಯನ್ನು ಯಂತ್ರದ ಮುಂದೆ ನುಡಿಸಿದ ದಿನಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಉದಾಹರಣೆಗೆ, ಮಿಸಿಸಿಪಿಯ ಲೀಕ್ ಕೌಂಟಿ ರೆವೆಲರ್ಸ್ ತಂಡ 1927ರ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನುಡಿಸಿದ ‘ವೆನ್ಸ್‌ಡೇ ನೈಟ್ ವಾಲ್ಟ್ಸ್’ ಮತ್ತು ‘ಗುಡ್ ನೈಟ್ ವಾಲ್ಟ್ಸ್’ ಕೊಲಂಬಿಯಾ ಕಂಪನಿಯ 15189-ಡಿ ಸಂಖ್ಯೆಯ ಮುದ್ರಿಕೆಯ ಎರಡು ಬದಿಗಳಾಗಿ ಹೊರಬಂದವು. ಆ ಮುದ್ರಿಕೆ ಬಹಳ ಚೆನ್ನಾಗಿ ಮಾರಾಟವಾಯಿತು. ಹೀಗಾಗಿ 1927ರ ನಂತರ ಯಾರಾದರೂ ಈ ಎರಡರಲ್ಲಿ ಒಂದನ್ನು ‘ನಮ್ಮ ಕಡೆಯ ಹಳೆಯ ಮಟ್ಟು’ ಎಂದು ನುಡಿಸಿದ್ದರೆ, ಅವರು ಅದನ್ನು ಅಜ್ಜನಿಂದ ಕಲಿತರೋ ಗ್ರಾಮಫೋನಿನಿಂದ ಕಲಿತರೋ ಎಂದು ವಿಚಾರಿಸಲೇಬೇಕಾಗುತ್ತದೆ.

ಆವರಣದೊಳಗಿನ ರಚನಕಾರನ ಹೆಸರನ್ನು ಬರೆದುಕೊಳ್ಳಿ, ಆದರೆ ಸದ್ಯಕ್ಕೆ ನಂಬಬೇಡಿ. 1920ರ ದಶಕದ ಧ್ವನಿಮುದ್ರಣಕಾರರಲ್ಲಿ ಪ್ರಮುಖನಾದ ರಾಲ್ಫ್ ಪಿಯರ್ 1928ರಲ್ಲಿ ಸದರ್ನ್ ಮ್ಯೂಸಿಕ್ ಎಂಬ ಪ್ರಕಾಶನ ಸಂಸ್ಥೆಯನ್ನೇ ಕಟ್ಟಿದ. ಕೃತಿಸ್ವಾಮ್ಯ ಪಡೆಯಬಹುದಾದ ರಚನೆಗಳು ಅವನಿಗೆ ಬೇಕಾಗಿದ್ದವು. ತನ್ನದೆಂದು ಹೇಳಿಕೊಂಡರೆ ಹಣ ಬರುತ್ತದೆ ಎಂದಾಗ ಹಳೆಯ ಮಟ್ಟಿಗೆ ಹೊಸ ಹೆಸರಿಟ್ಟು ನೋಂದಾಯಿಸುವ ಪ್ರವೃತ್ತಿ ಬೆಳೆಯಿತು. ಇದನ್ನು ವಾದಕರ ಮೋಸವೆಂದು ನೋಡುವುದು ನನಗೆ ಸರಿಯೆನಿಸುವುದಿಲ್ಲ. ಊರ ಮಟ್ಟನ್ನು ತನ್ನ ಕೈಯಲ್ಲಿ ಬೇರೆಯೇ ಆಗಿಸಿದವನಿಗೆ ಅದು ತನ್ನದೆನಿಸುವುದರಲ್ಲಿ ಒಂದು ನ್ಯಾಯವಿದೆ. ಆದರೂ ಮೂಲ ಹುಡುಕುವವರ ಪಾಲಿಗೆ ಆ ಹೆಸರು ಒಂದು ಹಕ್ಕಿನ ಮಾತೇ ಹೊರತು ಪುರಾವೆಯಲ್ಲ.

ಮುದ್ರಿಕೆಗಳ ಕಾಲದಿಂದ ಹಿಂದೆ ಸರಿದರೆ ಅಚ್ಚಾದ ಹಾಳೆಗಳ ಕಾಲ ಎದುರಾಗುತ್ತದೆ, ವಾಲ್ಟ್ಸ್‌ಗಳ ನಿಜವಾದ ಗಣಿ ಇಲ್ಲಿದೆ. ಅಮೆರಿಕದಲ್ಲಿ ಸಂಗೀತ ರಚನೆಗಳಿಗೆ 1831ರಿಂದಲೇ ಕೃತಿಸ್ವಾಮ್ಯ ದೊರೆಯುತ್ತಿದ್ದುದರಿಂದ, ಹಾಳೆಯ ಮೊದಲ ಪುಟದ ಕೆಳಗೆ ನೋಂದಣಿಯ ವರ್ಷವೂ ಪ್ರಕಾಶಕನ ಹೆಸರೂ ಸಾಮಾನ್ಯವಾಗಿ ಇರುತ್ತವೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲೆಸ್ಟರ್ ಲೆವಿ ಸಂಗ್ರಹ ಮತ್ತು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹ, ಎರಡರಲ್ಲೂ ಸಾವಿರಾರು ಹಾಳೆಗಳ ಚಿತ್ರಗಳನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಇಲ್ಲಿ ‘ವಾಲ್ಟ್ಸ್’ ಎಂಬ ಪದದಿಂದ ಹುಡುಕಿದರೆ ಸಾಲದು, ಹಾಡುಗಳನ್ನೂ ನೋಡಬೇಕು. ಮಾತು ಉದುರಿಹೋಗಿ ಮಟ್ಟು ಮಾತ್ರ ಉಳಿದ ವಾಲ್ಟ್ಸ್‌ಗಳು ಹಲವು. ‘ಪೀಕಬೂ ವಾಲ್ಟ್ಸ್’ ಎಂದು ಫಿಡಲ್ ವಾದಕರು ನುಡಿಸುವ ಮಟ್ಟು, ಐರಿಷ್ ಮೂಲದ ನಟ ಮತ್ತು ಗಾಯಕ ವಿಲಿಯಂ ಸ್ಕ್ಯಾನ್ಲನ್ 1881ರಲ್ಲಿ ಪ್ರಕಟಿಸಿದ ರಂಗಗೀತೆಯಿಂದ ಬಂದದ್ದು. ನುಡಿಸುವವರಲ್ಲಿ ಆ ಹಾಡಿನ ಮಾತು ಬಲ್ಲವರು ಇಂದು ಅಪರೂಪ.

ಅಮೆರಿಕದ ಹೊರಗಿನ ಹಾಳೆಗಳನ್ನೂ ಮರೆಯಬಾರದು. ‘ಓವರ್ ದ ವೇವ್ಸ್’ ಎಂಬ ವಾಲ್ಟ್ಸ್ ಟೆಕ್ಸಸ್‌ನಿಂದ ಹಿಡಿದು ಉತ್ತರದವರೆಗೆ ಫಿಡಲ್ ವಾದಕರ ಸ್ವಂತ ಸೊತ್ತಿನಂತೆ ಬಳಕೆಯಲ್ಲಿದೆ. ಅದರ ವಿಯೆನ್ನಾ ಶೈಲಿಯ ತೂಗಾಟವನ್ನು ಕೇಳಿದವರು ಯೊಹಾನ್ ಸ್ಟ್ರಾಸ್ ರಚನೆಯಿರಬೇಕೆಂದು ಬಹುಕಾಲ ಹೇಳುತ್ತಿದ್ದರು. ರಚಿಸಿದವರು ಮೆಕ್ಸಿಕೋದ ಗ್ವಾನಾಹ್ವಾತೊ ಪ್ರಾಂತದಲ್ಲಿ 1868ರಲ್ಲಿ ಹುಟ್ಟಿದ, ಒಟೊಮಿ ಎಂಬ ಮೂಲನಿವಾಸಿ ಜನಾಂಗದ ಪಿಟೀಲುವಾದಕ ಹುವೆಂತಿನೊ ರೊಸಾಸ್. ‘ಸೋಬ್ರೆ ಲಾಸ್ ಓಲಾಸ್’ ಎಂಬ ಹೆಸರಿನಲ್ಲಿ ಅದು ಅಚ್ಚಾದದ್ದು 1888ರಲ್ಲಿ. ರೊಸಾಸ್ 1893ರ ಷಿಕಾಗೋ ವಿಶ್ವಮೇಳಕ್ಕೆ ಬಂದು ನುಡಿಸಿ, ಮರುವರ್ಷ ಕ್ಯೂಬಾದಲ್ಲಿ, ಇನ್ನೂ 26ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂಥ ಒಬ್ಬರ ಹೆಸರಿನ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂದು ಬರೆಯುವುದು ಅಜ್ಞಾನದಿಂದಲೇ ಆದರೂ ಅನ್ಯಾಯವೇ, ಹುಡುಕಾಟದ ಶ್ರಮಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬೇರೆ ಭಾಷೆಯ ದಾಖಲೆಗಳಲ್ಲಿ ಹುಡುಕುವಾಗ ಕಾಗುಣಿತದ ತೊಡಕು ಎದುರಾಗುತ್ತದೆ. ಲೂಯಿಸಿಯಾನಾದ ಫ್ರೆಂಚ್ ಮಾತನಾಡುವ ಕೇಜನ್ ಜನರ ‘ಝೋಲಿ ಬ್ಲೋಂದ್’ ಎಂಬ ವಾಲ್ಟ್ಸ್ ಮೊದಲು ಮುದ್ರಣವಾದದ್ದು 1929ರಲ್ಲಿ, ಬ್ರೋ ಕುಟುಂಬದವರಿಂದ. ಆಗ ಅದರ ಹೆಸರು ‘ನನ್ನ ಹೊಂಗೂದಲ ಹುಡುಗಿ ಹೊರಟುಹೋದಳು’ ಎಂಬ ಅರ್ಥದ ಬೇರೆಯೇ ಫ್ರೆಂಚ್ ವಾಕ್ಯವಾಗಿತ್ತು. 1946ರಲ್ಲಿ ಫಿಡಲ್ ವಾದಕ ಹ್ಯಾರಿ ಚೋಟ್ಸ್ ಮುದ್ರಿಕೆ ದೇಶವ್ಯಾಪಿಯಾದಾಗ, ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದ ಕಾಗುಣಿತವೇ ಅದರ ಹೆಸರಾಯಿತು. ಆದ್ದರಿಂದ ಒಂದು ಹೆಸರನ್ನು ಐದಾರು ಬಗೆಯ ಕಾಗುಣಿತದಲ್ಲಿ ಹುಡುಕಿ, ಆಮೇಲೆ ಹೆಸರನ್ನು ಬಿಟ್ಟು ಆ ತಂಡ ಅದೇ ದಿನ ಮುದ್ರಿಸಿದ ಎಲ್ಲವನ್ನೂ ಕೇಳಬೇಕು.

ಹಾಳೆಯೂ ಮುದ್ರಿಕೆಯೂ ಕೈಕೊಟ್ಟಲ್ಲಿ ಜನರ ನೆನಪು ಉಳಿದಿರುತ್ತದೆ. ನೆನಪನ್ನು ತೂಗಿ ನೋಡಬೇಕೇ ಹೊರತು ತಳ್ಳಿಹಾಕಬಾರದು. ಅಲನ್ ಜಬೂರ್ ಎಂಬ ವಿದ್ವಾಂಸರು 1966 ಮತ್ತು 1967ರಲ್ಲಿ ವರ್ಜೀನಿಯಾದ ಗ್ಲೆನ್ ಲಿನ್ ಎಂಬಲ್ಲಿ ಹೆನ್ರಿ ರೀಡ್ ಎಂಬ ವೃದ್ಧ ಫಿಡಲ್ ವಾದಕರನ್ನು ಮುದ್ರಿಸಿಕೊಂಡರು. 1884ರಲ್ಲಿ ಹುಟ್ಟಿದ ರೀಡ್, ತಾನು ಹುಡುಗನಾಗಿದ್ದಾಗ ಕ್ವಿನ್ಸ್ ಡಿಲ್ಲಿಯನ್ ಎಂಬ ಮುದುಕನಿಂದ ಕಲಿತ ಮಟ್ಟುಗಳನ್ನು ಹಾಗೆಂದೇ ಹೇಳಿ ನುಡಿಸಿದರು. ಡಿಲ್ಲಿಯನ್ ಹುಟ್ಟಿದ್ದು 19ನೆಯ ಶತಮಾನದ ಆರಂಭದಲ್ಲಿ. ಇಬ್ಬರೇ ಇಬ್ಬರ ಕೈ ದಾಟಿ ಮಟ್ಟೊಂದು ನೂರೈವತ್ತು ವರ್ಷ ಬಾಳಿತು. ಈ ಸಂಗ್ರಹವನ್ನು ಲೈಬ್ರರಿ ಆಫ್ ಕಾಂಗ್ರೆಸ್ ಟಿಪ್ಪಣಿಗಳ ಸಮೇತ ಅಂತರ್ಜಾಲದಲ್ಲಿ ಇಟ್ಟಿದೆ. ಜಬೂರ್ ಕೇಳಿದ ಪ್ರಶ್ನೆಯೇ ನಮ್ಮ ಪ್ರಶ್ನೆಯೂ ಆಗಬೇಕು: ಇದು ಎಷ್ಟು ಹಳೆಯದು ಎಂದಲ್ಲ, ಇದನ್ನು ಯಾರಿಂದ ಕಲಿತಿರಿ, ಆಗ ನಿಮಗೆಷ್ಟು ವಯಸ್ಸು ಎಂದು. ಮೊದಲ ಪ್ರಶ್ನೆಗೆ ಬರುವುದು ಊಹೆ, ಎರಡನೆಯದಕ್ಕೆ ಬರುವುದು ಅನುಭವ.

ಮಟ್ಟಿನ ಒಳಗಿನ ಗುರುತುಗಳೂ ಸ್ವಲ್ಪ ದೂರ ಕೈಹಿಡಿಯುತ್ತವೆ. ಎರಡನೆಯ ಭಾಗ ಬೇರೆ ಶ್ರುತಿಗೆ ದಾಟಿ ಮೂರನೆಯದೊಂದು ಭಾಗವೂ ಇದ್ದರೆ ಅದು ನೃತ್ಯಶಾಲೆಯ ವಾದ್ಯವೃಂದಕ್ಕೋ ಪಿಯಾನೋಗೋ ಬರೆದದ್ದಿರಬಹುದು. ‘ಮಿಡ್‌ನೈಟ್ ಆನ್ ದ ವಾಟರ್’ ಎಂಬ ಟೆಕ್ಸಸ್‌ನ ವಾಲ್ಟ್ಸ್ ಇದಕ್ಕೆ ತದ್ವಿರುದ್ಧ. ಅದನ್ನು ನುಡಿಸಲು ಫಿಡಲ್‌ನ ಶ್ರುತಿಯನ್ನೇ ಬದಲಿಸುತ್ತಾರೆ: ಜಿ, ಡಿ, ಎ, ಇ ಎಂಬ ಎಂದಿನ ನಾಲ್ಕು ತಂತಿಗಳಲ್ಲಿ ದಪ್ಪನೆಯ ಜಿ ತಂತಿಯನ್ನು ಡಿಗೆ ಇಳಿಸುತ್ತಾರೆ, ತೆಳ್ಳನೆಯ ಇ ತಂತಿಯನ್ನೂ ಡಿಗೆ ಇಳಿಸುತ್ತಾರೆ. ಆಗ ತಂತಿಗಳು ಮಂದ್ರ ಷಡ್ಜ, ಮಧ್ಯ ಷಡ್ಜ, ಪಂಚಮ, ತಾರ ಷಡ್ಜ ಎಂದು ನಿಲ್ಲುತ್ತವೆ. ಸಡಿಲಗೊಂಡ ದಪ್ಪ ತಂತಿ ಕಮಾನು ತಾಕದಿದ್ದರೂ ಗುಂಯ್‌ಗುಡುತ್ತದೆ, ಮಟ್ಟಿನ ಕೆಳಗೆ ತಂಬೂರಿ ಹಿಡಿದಂತೆ. ಈ ನಾದ ಪಿಯಾನೋ ಹಾಳೆಯಿಂದ ಹುಟ್ಟುವಂಥದಲ್ಲ, ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ತಂತಿ ತಿರುವಿದವರ ಕೈಯಿಂದ ಹುಟ್ಟಿದ್ದು. ಅದನ್ನು ಲೋಕಕ್ಕೆ ಪರಿಚಯಿಸಿದ ಬೆನ್ನಿ ಥಾಮಸನ್ ಅದು ತನ್ನ ತಂದೆ ಲ್ಯೂಕ್ ಥಾಮಸನ್ ಅವರ ರಚನೆಯೆಂದು ಹೇಳುತ್ತಿದ್ದರು. ಮನೆಯವರ ಮಾತೂ ಮಟ್ಟಿನ ಒಳಗುರುತೂ ಒಂದೇ ದಿಕ್ಕನ್ನು ತೋರಿಸುತ್ತಿರುವುದರಿಂದ ಆ ಮಾತಿಗೆ ತೂಕವಿದೆ.

ಆದರೆ ಕಿವಿಯೊಂದನ್ನೇ ನಂಬಿ ಕಾಲವನ್ನು ನಿರ್ಣಯಿಸುವುದು ಅಪಾಯಕರ. ‘ಅಶೋಕನ್ ಫೇರ್‌ವೆಲ್’ ಇದಕ್ಕೆ ಸಾಕ್ಷಿ. ಹೆಸರಿನಲ್ಲಿರುವುದು ನಮ್ಮ ಅಶೋಕನಲ್ಲ, ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳ ನಡುವಿನ ಒಂದು ಸ್ಥಳ. ಅಲ್ಲಿ ನಡೆಸುತ್ತಿದ್ದ ಫಿಡಲ್ ಮತ್ತು ನೃತ್ಯ ಶಿಬಿರ ಮುಗಿದು ಎಲ್ಲರೂ ಚದುರಿದ ಬೇಸರದಲ್ಲಿ ಜೇ ಉಂಗರ್ 1982ರಲ್ಲಿ ಅದನ್ನು ರಚಿಸಿದರು. 1990ರಲ್ಲಿ ಅಮೆರಿಕದ ಅಂತರ್ಯುದ್ಧವನ್ನು ಕುರಿತ ಕೆನ್ ಬರ್ನ್ಸ್ ಅವರ ದೂರದರ್ಶನ ಸರಣಿಯಲ್ಲಿ ಅದು ಮತ್ತೆ ಮತ್ತೆ ಕೇಳಿಬಂದಾಗ, 1860ರ ದಶಕದ ಸೈನಿಕರ ಮಟ್ಟೇ ಇರಬೇಕೆಂದು ಅಸಂಖ್ಯ ಜನ ನಂಬಿದರು. ಮಟ್ಟಿನ ವಿಷಾದ, ಸ್ಕಾಟಿಷ್ ಶೋಕಗೀತೆಯ ಛಾಯೆ, ಹಳೆಯ ಛಾಯಾಚಿತ್ರಗಳು ಎಲ್ಲ ಕೂಡಿ ಆ ನಂಬಿಕೆಯನ್ನು ಬೆಳೆಸಿದವು. ನಿಮ್ಮ ಮಟ್ಟು ಎಷ್ಟೇ ಹಳೆಯದೆಂದು ಕೇಳಿಸಿದರೂ, 1920ರ ದಶಕದ ಸಾವಿರಾರು ಮುದ್ರಿಕೆಗಳಲ್ಲಾಗಲಿ ಅದಕ್ಕೂ ಹಿಂದಿನ ಹಾಳೆಗಳಲ್ಲಾಗಲಿ ಒಂದು ಸುಳಿವೂ ಸಿಗದೆ ಒಮ್ಮೆಗೇ 1970ರ ನಂತರ ಎಲ್ಲೆಡೆ ಕಾಣಿಸಿಕೊಂಡರೆ, ಇತ್ತೀಚಿನ ರಚನಕಾರನನ್ನು ಹುಡುಕುವುದು ಜಾಣತನ. ಆತ ಬದುಕಿದ್ದು, ಕೇಳಿದರೆ ಉತ್ತರಿಸುವ ಸಾಧ್ಯತೆಯೂ ಇರುತ್ತದೆ.

ಇತ್ತೀಚಿನ ರಚನೆಗಳಿಗೆ ಕೃತಿಸ್ವಾಮ್ಯ ಕಚೇರಿಯ ನೋಂದಣಿ ಪುಸ್ತಕಗಳು ಒಳ್ಳೆಯ ಆಧಾರ. 1909ರ ಕಾಯಿದೆಯ ನಂತರ ಅಚ್ಚಾಗದ ಸಂಗೀತವನ್ನೂ ನೋಂದಾಯಿಸಬಹುದಿತ್ತು. 1964ಕ್ಕೆ ಮೊದಲು ಪ್ರಕಟವಾದ ಕೃತಿಗಳನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು, ಆದ್ದರಿಂದ ಒಂದೇ ಮಟ್ಟಿಗೆ ಎರಡು ನಮೂದುಗಳು ಸಿಗಬಹುದು. ‘ಟೆನೆಸ್ಸೀ ವಾಲ್ಟ್ಸ್’ನ ಕಥೆ ಇಂಥ ದಾಖಲೆಗಳ ಬೆಳಕಿನಲ್ಲೇ ಸ್ಪಷ್ಟವಾಗಿ ಉಳಿದಿದೆ: ಪೀ ವೀ ಕಿಂಗ್ ತಂಡ ಮಾತಿಲ್ಲದೆ, ಹೆಸರೂ ಇಲ್ಲದೆ ನುಡಿಸುತ್ತಿದ್ದ ಒಂದು ವಾಲ್ಟ್ಸ್‌ಗೆ, ಬಿಲ್ ಮನ್ರೋ ಅವರ ‘ಕೆಂಟಕಿ ವಾಲ್ಟ್ಸ್’ ರೇಡಿಯೋದಲ್ಲಿ ಕೇಳಿದ ಪ್ರೇರಣೆಯಿಂದ 1946ರಲ್ಲಿ ರೆಡ್ ಸ್ಟೂವರ್ಟ್ ಮಾತು ಕಟ್ಟಿದರು. 1950ರಲ್ಲಿ ಪ್ಯಾಟಿ ಪೇಜ್ ಹಾಡಿದ ಮೇಲೆ ಅದು ಎಲ್ಲರದಾಯಿತು, 1965ರಲ್ಲಿ ರಾಜ್ಯಗೀತೆಯೂ ಆಯಿತು. ಇಲ್ಲಿ ಮಟ್ಟಿನಿಂದ ಹಾಡು ಹುಟ್ಟಿತು ಎಂಬುದನ್ನು ಗಮನಿಸಬೇಕು. ಪೀಕಬೂವಿನ ದಾರಿ ಇದಕ್ಕೆ ನೇರ ವಿರುದ್ಧ.

ಸಿಕ್ಕಿದ್ದನ್ನು ಬರೆದಿಡುವ ಕ್ರಮವೂ ಹುಡುಕಾಟದ ಭಾಗವೇ. ಪ್ರತಿ ಮಟ್ಟಿಗೆ ಒಂದು ಪುಟ ಮೀಸಲಿಟ್ಟು, ಮೇಲೆ ಹಂದರದ ಸ್ವರಗಳನ್ನು, ಕೆಳಗೆ ದಾಖಲೆಗಳನ್ನು ಕಾಲಾನುಕ್ರಮದಲ್ಲಿ, ಪ್ರತಿಯೊಂದರ ಎದುರು ‘ಕೇಳಿದ್ದು’, ‘ಕಂಡದ್ದು’, ‘ಹೇಳಿಕೆ’ ಎಂಬ ಮೂರರಲ್ಲಿ ಒಂದು ಮಾತನ್ನು ನಮೂದಿಸಿ. ಮಟ್ಟನ್ನು ನುಡಿಸುವಾಗ ಅಥವಾ ಮುದ್ರಿಸುವಾಗ ಕೊಡುವ ಮೂಲದ ಟಿಪ್ಪಣಿಯಲ್ಲಿ ಈ ಮೂರರ ವ್ಯತ್ಯಾಸ ಕಾಣಬೇಕು. ರೊಸಾಸ್ ಅವರ ವಾಲ್ಟ್ಸ್‌ಗೆ ‘ಹುವೆಂತಿನೊ ರೊಸಾಸ್ ರಚನೆ, 1888ರಲ್ಲಿ ಅಚ್ಚಾದದ್ದು’ ಎಂದು ನೇರವಾಗಿ ಬರೆಯಬಹುದು. ಥಾಮಸನ್ ಮನೆತನದ ಮಟ್ಟಿಗೆ ‘ಬೆನ್ನಿ ಥಾಮಸನ್ ಅವರ ವಾದನದಿಂದ ಪ್ರಸಿದ್ಧ, ತಂದೆ ಲ್ಯೂಕ್ ಅವರ ರಚನೆಯೆಂದು ಬೆನ್ನಿ ಅವರ ಹೇಳಿಕೆ, ಶ್ರುತಿ ಡಿ-ಡಿ-ಎ-ಡಿ’ ಎಂದು ಬರೆಯಬೇಕು. ಕರ್ತೃ ಸಿಗದ ಮಟ್ಟಿಗೆ ‘ಸಾಂಪ್ರದಾಯಿಕ’ ಎಂದು ಬರೆದು ನಿಲ್ಲಿಸದೆ, ಅದನ್ನು ಯಾವ ವಾದಕನಿಂದ ಕಲಿತದ್ದು, ಆ ವಾದಕ ಯಾವ ಊರಲ್ಲಿ ಯಾವ ವರ್ಷ ನುಡಿಸಿದ್ದು ಎಂಬುದನ್ನು ಸೇರಿಸಿದರೆ, ಮುಂದೆ ಹುಡುಕುವವರು ಅಲ್ಲಿಂದಲೇ ಹೊರಡಬಹುದು.